ಮಕ್ಕಳ ಆಟವೂ ಮನಸ್ಸಿನ ಹಿಡಿತವೂ

"ನಮ್ಮ ಹುಡುಗ ಒಂದು ಗಳಿಗೆಯೂ ಸುಮ್ಮನೆ ಕೂರುವುದಿಲ್ಲ" ಎಂಬ ದೂರು, ಮೂರರಿಂದ ಆರು ವರ್ಷದೊಳಗಿನ ಮಕ್ಕಳಿರುವ ಮನೆಗಳಲ್ಲೆಲ್ಲ ಕೇಳಿಬರತಕ್ಕದ್ದೇ ಆಗಿದೆ. ತಾಯಿ ಹೇಳುತ್ತಾಳೆ, ತಂದೆ ಹೇಳುತ್ತಾನೆ. ಅಜ್ಜಿಯಂತೂ ಹೇಳುತ್ತಲೇ ಮಗುವಿನ ಹಿಂದೆ ಓಡುತ್ತಿರುತ್ತಾಳೆ. ಹೀಗೆ ದೂರುವವರ ಮನಸ್ಸಿನಲ್ಲಿ ಒಂದು ನಂಬಿಕೆ ಅಡಗಿರುವುದುಂಟು. ಓಡುವುದು, ಹಾರುವುದು, ಹತ್ತುವುದು ಇವೆಲ್ಲ ಒಂದು ಕಡೆ. ಅಡಕ, ತಾಳ್ಮೆ, ಹೇಳಿದ ಮಾತನ್ನು ಕೇಳುವುದು ಇವೆಲ್ಲ ಇನ್ನೊಂದು ಕಡೆ. ಮೊದಲನೆಯದು ಕುಗ್ಗಿದಷ್ಟೂ ಎರಡನೆಯದು ಹೆಚ್ಚುವುದು ಎಂಬುದೇ ಆ ನಂಬಿಕೆ. ಆದುದರಿಂದಲೇ ಕೈಕಟ್ಟಿ ಕುಳಿತ ಮಗುವನ್ನು ಕಂಡರೆ ಬಂದ ನೆಂಟರು ಹೊಗಳುತ್ತಾರೆ. ಗೋಡೆ ಹತ್ತುವ ಮಗುವನ್ನು ಕಂಡರೆ ತಾಯಿಯ ಮುಖವನ್ನು ನೋಡುತ್ತಾರೆ. ಈ ನಂಬಿಕೆ ತಲೆಕೆಳಗಾದುದೆಂದು ನಮ್ಮ ಅಭಿಪ್ರಾಯ. ಚಲನೆ ಸಂಯಮದ ಶತ್ರುವಲ್ಲ; ಎಳೆಯ ಮಕ್ಕಳಲ್ಲಿ ಅದೇ ಸಂಯಮದ ತಾಯಿ.

ಕಠೋಪನಿಷತ್ತಿನಲ್ಲಿ ಶರೀರವನ್ನು ರಥಕ್ಕೂ, ಇಂದ್ರಿಯಗಳನ್ನು ಕುದುರೆಗಳಿಗೂ, ಮನಸ್ಸನ್ನು ಲಗಾಮಿಗೂ, ಬುದ್ಧಿಯನ್ನು ಸಾರಥಿಗೂ ಹೋಲಿಸಿರುವುದು ಪ್ರಸಿದ್ಧವಾದ ವಿಷಯ. ಅದನ್ನು ಯಮನ ಬಾಯಿಂದ ಕೇಳಿದವನು ಒಬ್ಬ ಹುಡುಗನೇ ಆದರೂ, ಆ ಹುಡುಗ ನಮ್ಮ ನಿಮ್ಮ ಮನೆಯ ಹುಡುಗರಂಥವನಲ್ಲ. ನಮ್ಮ ಮನೆಯ ಮೂರು ವರ್ಷದ ಕೂಸಿನ ಸ್ಥಿತಿಯನ್ನು ಅದೇ ಉಪಮೆಯಿಂದ ಹೇಳುವುದಾದರೆ, ಕುದುರೆಗಳು ಆಗಲೇ ಬಂದು ಕೆನೆಯುತ್ತಿವೆ. ರಥ ಇನ್ನೂ ಬಡಗಿಯ ಕೈಯಲ್ಲಿದೆ. ಲಗಾಮಿನ ತೊಗಲು ಹದವಾಗುತ್ತಿದೆ. ಸಾರಥಿ ಇನ್ನೂ ದಾರಿಯಲ್ಲಿದ್ದಾನೆ. ಸಾರಥಿ ಬಂದಿಲ್ಲವೆಂದು ಕುದುರೆಗಳಿಗೆ ಹೊಡೆದರೆ ಏನು ಪ್ರಯೋಜನ?

ಇನ್ನು ಪತಂಜಲಿ ಮಹರ್ಷಿಗಳು ಯೋಗದ ಎಂಟು ಅಂಗಗಳನ್ನು ಇಟ್ಟ ಕ್ರಮವನ್ನು ಗಮನಿಸಬೇಕು. ಯಮ ನಿಯಮಗಳಾದ ಮೇಲೆ ಆಸನ, ಅದಾದ ಮೇಲೆ ಪ್ರಾಣಾಯಾಮ. ಇಂದ್ರಿಯಗಳನ್ನು ಹಿಂದಕ್ಕೆಳೆಯುವ ಪ್ರತ್ಯಾಹಾರ ಐದನೆಯದು. ಮನಸ್ಸನ್ನು ಒಂದೆಡೆ ನಿಲ್ಲಿಸುವ ಧಾರಣೆ ಆರನೆಯದು. ದೇಹಕ್ಕೆ ನೆಲೆ ಸಿಕ್ಕಿದ ಮೇಲೆ ಮನಸ್ಸಿಗೆ ನೆಲೆ. ದೊಡ್ಡವರಿಗೇ ಈ ಕ್ರಮ ಬೇಕಾಗಿರುವಾಗ, ಮೂರು ವರ್ಷದ ಮಗುವನ್ನು ಮೊದಲು ಬೆಂಚಿನ ಮೇಲೆ ಕೂರಿಸಿ, ಒಡನೆಯೇ ಧಾರಣೆಯನ್ನು ಕೇಳುವ ನಮ್ಮ ಕಾಲದ ಆತುರಕ್ಕೆ ಏನು ಹೇಳೋಣ!

ಇದು ಹಳೆಯ ಗ್ರಂಥಗಳ ಮಾತಷ್ಟೇ ಅಲ್ಲ. ತಲೆಯ ಹಿಂಬದಿಯಲ್ಲಿ ಕಿರುಮಿದುಳೆಂಬುದೊಂದು ಭಾಗವುಂಟು. ಹೆಜ್ಜೆ ತಪ್ಪದಂತೆ, ಕೈ ಗುರಿ ತಪ್ಪದಂತೆ ನೋಡಿಕೊಳ್ಳುವುದು ಅದರ ಕೆಲಸ. ಹಣೆಯ ಹಿಂದಿರುವ ಮುಂಭಾಗದ ಮಿದುಳು, ಮಾಡಹೊರಟದ್ದನ್ನು ತಡೆಯುವುದಕ್ಕೂ, ಹೇಳಿದ್ದನ್ನು ನೆನಪಿನಲ್ಲಿಟ್ಟುಕೊಳ್ಳುವುದಕ್ಕೂ ಬೇಕಾದ ಭಾಗ. ಇವೆರಡೂ ಬೇರೆ ಬೇರೆ ಇಲಾಖೆಗಳೆಂದು ಬಹುಕಾಲ ಎಣಿಸಲಾಗಿತ್ತು. ಅಡೀಲ್ ಡೈಮಂಡ್ ಎಂಬ ವಿದುಷಿ 2000ದಲ್ಲಿ ಪ್ರಕಟಿಸಿದ ಲೇಖನದಲ್ಲಿ, ಇವು ಜೊತೆಯಾಗಿ ದುಡಿಯುತ್ತವೆಂಬುದಕ್ಕೂ, ಒಂದರಲ್ಲಿ ತೊಡಕಿದ್ದರೆ ಅನೇಕವೇಳೆ ಇನ್ನೊಂದರಲ್ಲಿಯೂ ಕಾಣುವುದೆಂಬುದಕ್ಕೂ ಸಾಕ್ಷ್ಯಗಳನ್ನು ಒಟ್ಟುಗೂಡಿಸಿ ತೋರಿಸಿದರು. ಅಂಗಗಳ ಹಿಡಿತವೂ ಮನಸ್ಸಿನ ಹಿಡಿತವೂ ಅಕ್ಕತಂಗಿಯರೆಂದು ಇದರ ತಾತ್ಪರ್ಯ.

ಮಗು ಹೊಸ್ತಿಲು ದಾಟಿತೆಂದರೆ ಸಿಹಿ ಮಾಡುವ ವಾಡಿಕೆ ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲುಂಟು. ತಪ್ಪುಹೆಜ್ಜೆ ಇಟ್ಟ ದಿನವನ್ನು ತಾಯಿ ಮರೆಯುವುದಿಲ್ಲ. ಪಕ್ಕದ ಮನೆಯ ಮಗು ಹತ್ತು ತಿಂಗಳಿಗೇ ನಡೆಯಿತೆಂದು ಕಳವಳಪಡುವ ತಾಯಂದಿರೂ ಇದ್ದಾರೆ. ಅವರ ಸಮಾಧಾನಕ್ಕೆ ಒಂದು ಮಾತು: ವಿಶ್ವ ಆರೋಗ್ಯ ಸಂಸ್ಥೆಯವರು ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆಸರೆಯಿಲ್ಲದೆ ನಡೆಯುವುದು 8.2 ತಿಂಗಳಿನಿಂದ 17.6 ತಿಂಗಳವರೆಗೆ ಯಾವಾಗಲಾದರೂ ಆಗಬಹುದು. ಅಂಬೆಗಾಲಿಡುವುದನ್ನೇ ಬಿಟ್ಟು ನೇರವಾಗಿ ಎದ್ದು ನಡೆದ ಮಕ್ಕಳೂ ಆ ಲೆಕ್ಕದಲ್ಲಿ ನೂರಕ್ಕೆ ನಾಲ್ಕರಷ್ಟಿದ್ದರು.

ಆದರೆ ಹೊಸ್ತಿಲು ದಾಟಿದ ಮೇಲೆ ನಮ್ಮ ಉತ್ಸಾಹ ಇಳಿದುಹೋಗುತ್ತದೆ. ಮಗು ಒಂಟಿಕಾಲಲ್ಲಿ ನಿಂತಿತೆಂದು ಸಿಹಿ ಮಾಡಿದವರನ್ನು ನಾವು ಕಾಣೆವು. ವಾಸ್ತವವಾಗಿ ದೊಡ್ಡ ಕೆಲಸ ನಡೆಯುವುದು ಆಮೇಲೆಯೇ. ಮೂರು ವರ್ಷದ ಮಗು ಒಂಟಿಕಾಲಲ್ಲಿ ಒಂದು ಕ್ಷಣ ನಿಂತರೆ ಹೆಚ್ಚು. ನಾಲ್ಕಕ್ಕೆ ಕೆಲವು ಕ್ಷಣ ನಿಂತು, ಕುಂಟುವುದನ್ನು ಕಲಿಯುತ್ತದೆ. ಐದರ ಹೊತ್ತಿಗೆ ಹತ್ತು ಎಣಿಸುವವರೆಗೂ ನಿಲ್ಲಬಲ್ಲದು. ಕೈಯ ವಿಷಯವೂ ಹಾಗೆಯೇ. ಮೂರಕ್ಕೆ ಸೊನ್ನೆಯನ್ನು ನೋಡಿ ಬರೆದೀತು. ನಾಲ್ಕಕ್ಕೆ ಅಡ್ಡಗೆರೆ ಉದ್ದಗೆರೆಗಳನ್ನು ಕೂಡಿಸೀತು. ತ್ರಿಕೋಣಕ್ಕೆ ಐದಾದರೂ ಆಗಬೇಕು. 'ಅ' ಎಂಬ ಅಕ್ಷರದಲ್ಲಿ ಎಷ್ಟು ಸುಳಿ, ಎಷ್ಟು ತಿರುವು ಇದೆಯೆಂಬುದನ್ನು ಒಂದು ಸಲ ನಿಧಾನವಾಗಿ ಬರೆದು ನೋಡಿದರೆ, ಮೂರು ವರ್ಷದ ಬೆರಳಿನಿಂದ ಅದನ್ನು ಬರೆಯಿಸಲು ಹೊರಡುವವರ ಸಾಹಸ ತಿಳಿಯುತ್ತದೆ. ಹಿಂದಿನವರು ಅಕ್ಷರಾಭ್ಯಾಸವನ್ನು ಐದನೆಯ ವರ್ಷಕ್ಕೆ ಇಟ್ಟುಕೊಂಡದ್ದು ಬರಿಯ ಶಾಸ್ತ್ರಕ್ಕಲ್ಲ. ಅಕ್ಕಿಯ ಮೇಲೆ ಬೆರಳಿನಿಂದ ಬರೆಯಿಸಿದ್ದೂ ಕಾರಣವಿಲ್ಲದೆ ಅಲ್ಲ.

ನಮ್ಮ ಕಳಲೆ ದಳವಾಯಿಗಳ ಊರು. ಮೈಸೂರಿನ ಸೇನೆಯನ್ನು ನಡೆಸಿದ ದಳವಾಯಿ ದೇವರಾಜಯ್ಯ, ನಂಜರಾಜಯ್ಯ ಸೋದರರು ಈ ಮನೆತನದವರು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಅರಸರೇ ಅವರ ಮಾತು ಮೀರಲಾರದೆ ಇದ್ದರು. ಓಡುವ ದಂಡನ್ನು ಒಂದು ಕೂಗಿಗೆ ನಿಲ್ಲಿಸುವುದು ಅವರಿಗೆ ಬಂದಿರಬೇಕು. ಓಡುವ ತನ್ನ ಎರಡು ಕಾಲುಗಳನ್ನು ಒಂದು ಕೂಗಿಗೆ ನಿಲ್ಲಿಸುವುದು ನಾಲ್ಕು ವರ್ಷದ ಹುಡುಗನಿಗೆ ಅದಕ್ಕಿಂತ ಕಷ್ಟವೆಂಬುದನ್ನು ಇದೇ ಊರಿನ ಒಂದು ಬೀದಿಯಲ್ಲಿ ನಾವು ಹತ್ತಿರದಿಂದ ನೋಡಿದೆವು.

ಆ ಹುಡುಗನ ತಂದೆ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಹೋಗುವವನು. ತನ್ನ ಓದು ಹತ್ತನೆಯ ತರಗತಿಗೇ ನಿಂತದ್ದರಿಂದ, ಮಗನಾದರೂ ಓದಲೆಂದು ಸಾಲ ಮಾಡಿ, ಮೂರು ವರ್ಷ ತುಂಬುತ್ತಲೇ ಪೇಟೆಯ ಒಂದು ಶಾಲೆಗೆ ಸೇರಿಸಿದ್ದನು. ಬೆಳಗ್ಗೆ ವ್ಯಾನು ಬಂದು ಕರೆದುಕೊಂಡು ಹೋಗುವುದು. ಮಧ್ಯಾಹ್ನ ತಂದು ಬಿಡುವುದು. ಒಂದು ವರ್ಷ ಹೇಗೋ ಕಳೆಯಿತು. ಎರಡನೆಯ ವರ್ಷದ ನಡುವಿನಲ್ಲಿ ಶಾಲೆಯಿಂದ ಮಾತು ಬಂದಿತು: ಮಗು ಕೂರುವುದಿಲ್ಲ, ಬರೆಯುವುದಿಲ್ಲ, ಪಕ್ಕದವರನ್ನು ತಳ್ಳುತ್ತದೆ, ಡಾಕ್ಟರಿಗೆ ತೋರಿಸಿರಿ, ಮುಂದಿನ ವರ್ಷಕ್ಕೆ ಬೇರೆ ಕಡೆ ನೋಡಿಕೊಳ್ಳಿರಿ ಎಂದು. ಅಂದು ಸಾಯಂಕಾಲ ತಂದೆ ಒಂದು ಹುಣಿಸೆ ಬರಲನ್ನು ಮುರಿದು ತಂದು ಬಾಗಿಲ ಮೇಲೆ ಸಿಕ್ಕಿಸಿದನು. ತಾಯಿ ಅನ್ನ ಬಿಟ್ಟಳು. ಅಜ್ಜಿ ನಮ್ಮ ಜಗಲಿಗೆ ಬಂದು ಕುಳಿತು, "ಮೇಷ್ಟ್ರೇ, ನಮ್ಮ ಕೂಸಿಗೆ ತಲೆಯಲ್ಲಿ ಏನಾದರೂ ಐಬಿದೆಯೇ? ನೀವು ಒಂದು ಸಲ ನೋಡಿ ಹೇಳಿ" ಎಂದರು.

ಐಬಿದೆಯೇ ಇಲ್ಲವೇ ಎಂದು ಹೇಳಲು ನಾವು ವೈದ್ಯರಲ್ಲ. ಆದರೂ ಹುಡುಗನನ್ನು ಕರೆದು, ನಮ್ಮ ಹಾಗೆ ಒಂಟಿಕಾಲಲ್ಲಿ ನಿಲ್ಲು ನೋಡೋಣ ಎಂದೆವು. ಎರಡು ಎಣಿಸುವಷ್ಟರಲ್ಲಿ ನಮ್ಮ ಮೇಲೆಯೇ ಬಿದ್ದನು. ಜಗಲಿಯಿಂದ ಇಳಿಯುವಾಗ ಗೋಡೆಯನ್ನು ಹಿಡಿದುಕೊಂಡನು. ಅಂಗಿಯ ಗುಂಡಿ ಹಾಕಿಕೋ ಎಂದರೆ ಅಜ್ಜಿಯ ಕಡೆಗೆ ಎದೆ ಚಾಚಿದನು. ಬೀದಿಯಲ್ಲಿ ಓಡಿಬರಲು ಹೇಳಿದರೆ ಬಾಣದಂತೆ ಬಂದು, ನಿಲ್ಲಲಾರದೆ ಕಂಬಕ್ಕೆ ಕೈಕೊಟ್ಟು ನಿಂತನು. ಬೀದಿಯವರೆಲ್ಲ ಅವನನ್ನು ಮಿತಿಮೀರಿದ ಚಟುವಟಿಕೆಯ ಹುಡುಗನೆಂದು ಎಣಿಸಿದ್ದರು. ನಮಗೆ ಕಂಡದ್ದು ಬೇರೆ: ಅವನಿಗೆ ಓಡುವುದು ಮಾತ್ರ ಬರುತ್ತಿತ್ತು, ನಿಲ್ಲುವುದು ಬರುತ್ತಿರಲಿಲ್ಲ. ಚಲನೆ ಹೆಚ್ಚಾಗಿರಲಿಲ್ಲ, ಕಡಿಮೆಯಾಗಿತ್ತು. ಹಳೆಯ ಮನೆಯನ್ನು ಕೆಡವಿ ರಸ್ತೆಯ ಅಂಚಿನವರೆಗೂ ಹೊಸ ಮನೆ ಕಟ್ಟಿದ್ದರಿಂದ ಜಗಲಿ ಹೋಗಿತ್ತು, ಹಿತ್ತಿಲು ಹೋಗಿತ್ತು. ಹೋಗುವುದು ವ್ಯಾನಿನಲ್ಲಿ, ಕೂರುವುದು ಬೆಂಚಿನಲ್ಲಿ, ಉಣ್ಣುವುದು ಮೊಬೈಲಿನ ಮುಂದೆ. ಆ ಮಗು ಹತ್ತಿ ಇಳಿದು ಬಿದ್ದು ಕಲಿಯಬೇಕಾದ ಜಾಗವೇ ಊರಿನಲ್ಲಿ ಅದಕ್ಕೆ ಉಳಿದಿರಲಿಲ್ಲ.

ಮೊದಲು ವೈದ್ಯರಿಗೆ ತೋರಿಸಬೇಕೆಂದು ನಾವೂ ಹೇಳಿದೆವು. ಇದರಲ್ಲಿ ಸಂಕೋಚವಾಗಲಿ ಅವಮಾನವಾಗಲಿ ಇರಕೂಡದು. ಅವಧಾನದ ನಿಜವಾದ ತೊಂದರೆಯಿರುವ ಮಕ್ಕಳು ಇದ್ದೇ ಇದ್ದಾರೆ. ಅವರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ಅಂಗಚಲನೆಯ ತೊಡಕೂ ಇರುವುದೆಂದು ತಿಳಿದವರು ಬರೆಯುತ್ತಾರೆ. ಒಂದೂವರೆ ವರ್ಷವಾದರೂ ನಡೆಯದ ಮಗು, ಬಂದಿದ್ದ ನಡಿಗೆಯನ್ನೋ ಮಾತನ್ನೋ ಕಳೆದುಕೊಂಡ ಮಗು, ಹೆಸರು ಹಿಡಿದು ಕರೆದರೂ ತಿರುಗದ ಮಗು, ಇವರನ್ನು ಕಾಯದೆ ತೋರಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೆಂದು 2013ರಲ್ಲಿ ಆರಂಭವಾದ ಏರ್ಪಾಟಿನಂತೆ, ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗಳಿಗೇ ಬಂದು ಮಕ್ಕಳನ್ನು ಪರೀಕ್ಷಿಸತಕ್ಕದ್ದಾಗಿದೆ. ನಮ್ಮ ಹುಡುಗನನ್ನು ಪರೀಕ್ಷಿಸಿದ ವೈದ್ಯರು, ಸದ್ಯಕ್ಕೆ ಯಾವ ರೋಗದ ಹೆಸರನ್ನೂ ಹೇಳಲಾರೆನೆಂದೂ, ಆರು ತಿಂಗಳ ಮೇಲೆ ಮತ್ತೆ ಕರೆತರಬೇಕೆಂದೂ ಹೇಳಿ, ರಕ್ತ ಕಡಿಮೆಯಿದೆಯೆಂದು ಕಬ್ಬಿಣಾಂಶದ ಔಷಧವನ್ನು ಕೊಟ್ಟರು. ಇದೇನೂ ಅಪರೂಪವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ರಕ್ತ ಕಡಿಮೆಯಾದ ಮಗು ಸಿಡುಕುತ್ತದೆ, ಬೇಗ ದಣಿಯುತ್ತದೆ, ಮನಸ್ಸಿಟ್ಟು ನೋಡಲಾರದು. ಅದಕ್ಕೆ ಬರಲು ಮದ್ದಲ್ಲ. ಸೊಪ್ಪು, ಕಾಳು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಊಟದ ಜೊತೆಗೆ ಒಂದು ಹೋಳು ನಿಂಬೆ.

ಆಮೇಲೆ ಅಜ್ಜಿಯೇ ಒಂದು ದಾರಿ ತೆಗೆದರು. "ವರ್ಷ ಮುಗಿಯುವವರೆಗೆ ಇಲ್ಲಿಯೇ ಅಂಗನವಾಡಿಗೆ ಹೋಗಲಿ, ಹಣವೂ ಉಳಿಯುತ್ತದೆ" ಎಂದರು. ಮಗನಿಗೆ ಸಿಟ್ಟು ಬಂದಿತು. "ಅಲ್ಲಿ ಏನು ಕಲಿಸುತ್ತಾರವ್ವಾ? ಉಪ್ಪಿಟ್ಟು ತಿಂದು ಕುಣಿದು ಬರುತ್ತಾರೆ" ಎಂದನು. ಅವನ ಮಾತಿನಲ್ಲಿ ತಿರಸ್ಕಾರಕ್ಕಿಂತ ಭಯವೇ ಹೆಚ್ಚಾಗಿತ್ತೆಂದು ನಮಗೆ ತೋರಿತು. ಸಾಲಮಾಡಿ ಏರಿಸಿದ ಮೆಟ್ಟಿಲಿನಿಂದ ಮಗನನ್ನು ತಾನೇ ಕೆಳಗಿಳಿಸಿದಂತೆ ಅವನಿಗೆ ಅನ್ನಿಸಿರಬೇಕು. ನಾವು ಅವನಿಗೆ ಹೇಳಿದ್ದಿಷ್ಟೆ: ಅವನು ಕುಣಿದು ಬರಲಿ ಎಂದೇ ಕಳುಹಿಸು.

ಅಂಗನವಾಡಿಗಳ ಮೂಲ ನಮ್ಮ ನೆರೆಯಲ್ಲಿಯೇ ಇದೆಯೆಂಬುದು ಅನೇಕರಿಗೆ ನೆನಪಿಲ್ಲ. 1975ನೆಯ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ, ಕರ್ನಾಟಕಕ್ಕೆ ಬಂದ ಮೊದಲ ಯೋಜನೆ ನಮ್ಮ ಪಕ್ಕದ ತಾಲ್ಲೂಕಾದ ತಿರುಮಕೂಡಲು ನರಸೀಪುರದ್ದು. ಅಲ್ಲಿ ನೂರು ಅಂಗನವಾಡಿಗಳು ತೆರೆದವು. ಆಹಾರ, ಚುಚ್ಚುಮದ್ದು, ಆರೋಗ್ಯ ಪರೀಕ್ಷೆಗಳ ಜೊತೆಗೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲೆಗೆ ಮುಂಚಿನ ಶಿಕ್ಷಣವನ್ನು ಕೊಡುವುದೂ ಆ ಯೋಜನೆಯ ಉದ್ದೇಶಗಳಲ್ಲೊಂದಾಗಿತ್ತು. ಅದೂ ಆಟದ ಮೂಲಕ. ಎಲ್ಲ ಅಂಗನವಾಡಿಗಳೂ ಚೆನ್ನಾಗಿವೆಯೆಂದು ನಾವು ಹೇಳುವುದಿಲ್ಲ. ಕೋಣೆ ಇಕ್ಕಟ್ಟು, ಕಾರ್ಯಕರ್ತೆಗೆ ಬರೆಯಬೇಕಾದ ಲೆಕ್ಕಗಳು ಹತ್ತಾರು, ಸಂಬಳವಲ್ಲದ ಗೌರವಧನ. ಆದರೆ ನಾವು ನೋಡಿದ ಕಾರ್ಯಕರ್ತೆ ಆಟವಾಡಿಸಬಲ್ಲ ಹೆಂಗಸು.

ಅವರು ಆಡಿಸುತ್ತಿದ್ದ ಆಟಗಳಲ್ಲಿ ಒಂದನ್ನು ಇಲ್ಲಿ ವಿವರಿಸಬೇಕು. ಅದು ವಾಚಕರೆಲ್ಲ ಆಡಿದ ಆಟವೇ: ಕೆರೆ–ದಡ. ನೆಲದ ಮೇಲೆ ಸುಣ್ಣದಿಂದಲೋ ಇದ್ದಲಿನಿಂದಲೋ ಒಂದು ಗೆರೆ. ಒಳಗೆ ಕೆರೆ, ಹೊರಗೆ ದಡ. 'ಕೆರೆ' ಎಂದರೆ ಒಳಕ್ಕೆ ಹಾರಬೇಕು, 'ದಡ' ಎಂದರೆ ಹೊರಕ್ಕೆ. ದಡದಲ್ಲಿ ನಿಂತವನಿಗೆ ಮತ್ತೆ 'ದಡ' ಎಂದರೆ ಅಲುಗಕೂಡದು. ಆಟದ ಸ್ವಾರಸ್ಯವೆಲ್ಲ ಈ ಕೊನೆಯದರಲ್ಲಿದೆ. ಕೆರೆ, ದಡ, ಕೆರೆ, ದಡ ಎಂದು ಲಯ ಹಿಡಿಸಿ, ಮಕ್ಕಳ ಕಾಲು ಆ ಲಯಕ್ಕೆ ಸಿಕ್ಕಿಕೊಂಡ ಹೊತ್ತಿನಲ್ಲಿ ಥಟ್ಟನೆ ಎರಡನೆಯ ಸಲವೂ 'ದಡ' ಎನ್ನುತ್ತಾರೆ. ಕಾಲು ಹಾರಲು ಸಿದ್ಧವಾಗಿದೆ, ಕಿವಿ ಬೇಡವೆನ್ನುತ್ತಿದೆ, ಹಿಮ್ಮಡಿ ಮೇಲೆದ್ದಿದೆ, ತೋಳುಗಳು ಗಾಳಿಯಲ್ಲಿ ಈಜುತ್ತಿವೆ. ಆ ಒಂದು ಕ್ಷಣದಲ್ಲಿ ಮಗುವಿನ ಒಳಗೆ ನಡೆಯುವುದೇ ಸಂಯಮ. ಇಂದ್ರಿಯನಿಗ್ರಹವೆಂಬ ದೊಡ್ಡ ಮಾತಿಗೆ ಅರ್ಥವನ್ನು ಕಣ್ಣಿನಿಂದ ನೋಡಬೇಕೆನ್ನುವವರು ಈ ಆಟವನ್ನು ನೋಡಬಹುದು. ಅಮೆರಿಕದ ಪಂಡಿತರು ಈಚಿನ ವರ್ಷಗಳಲ್ಲಿ ಮಕ್ಕಳ ಸಂಯಮವನ್ನು ಅಳೆಯಲು, ತಲೆ ಮುಟ್ಟು ಎಂದರೆ ಕಾಲ್ಬೆರಳು ಮುಟ್ಟುವ, ಕಾಲ್ಬೆರಳು ಮುಟ್ಟು ಎಂದರೆ ತಲೆ ಮುಟ್ಟುವ ಒಂದು ಪರೀಕ್ಷೆಯನ್ನು ಮಾಡಿಕೊಂಡಿದ್ದಾರೆ. ನಮ್ಮ ಹಳ್ಳಿಯ ಹುಡುಗಿಯರು ಯಾವ ಪಂಡಿತರನ್ನೂ ಕೇಳದೆ ಅದೇ ಜಾತಿಯ ಆಟವನ್ನು ಆಡಿಕೊಂಡು ಬಂದಿದ್ದಾರೆ.

ನಮ್ಮ ಹುಡುಗ ಮೊದಲ ವಾರಗಳಲ್ಲಿ 'ಕೆರೆ'ಗೂ ಹಾರುತ್ತಿದ್ದನು, 'ದಡ'ಕ್ಕೂ ಹಾರುತ್ತಿದ್ದನು, ಯಾರಾದರೂ ಕೆಮ್ಮಿದರೂ ಹಾರುತ್ತಿದ್ದನು. ಔಟಾದರೆ ಪಕ್ಕದವರನ್ನು ತಳ್ಳುತ್ತಿದ್ದನು. ಕಾರ್ಯಕರ್ತೆ ಅವನನ್ನು ಔಟು ಮಾಡುವುದನ್ನೇ ಬಿಟ್ಟು, ಹಾರುವಾಗ ಬಾಯಲ್ಲಿಯೂ 'ಕೆರೆ', 'ದಡ' ಎಂದು ಹೇಳುತ್ತ ಹಾರಬೇಕೆಂದರು. ಅದು ಸಣ್ಣ ಉಪಾಯದಂತೆ ಕಂಡರೂ ಅದರ ಹಿಂದೆ ಒಂದು ಕಥೆಯಿದೆ.

ರಷ್ಯದ ಅಲೆಕ್ಸಾಂಡರ್ ಲೂರಿಯಾ ಎಂಬ ವಿದ್ವಾಂಸರು ಮಕ್ಕಳ ಕೈಗೆ ಒಂದು ರಬ್ಬರ್ ಬುರುಡೆಯನ್ನು ಕೊಟ್ಟು, ಬೆಳಕು ಕಂಡಾಗ ಅದುಮು ಎಂದು ಹೇಳಿ ಪರೀಕ್ಷಿಸಿದರು. ಎಳೆಯ ಮಕ್ಕಳು ಅದುಮಲು ತೊಡಗಿದರೆ ನಿಲ್ಲಿಸಲಾರರು. ಮೂರು ನಾಲ್ಕು ವರ್ಷದವರಿಗೆ ತಮ್ಮ ಬಾಯಿಂದಲೇ ಆಜ್ಞೆಯನ್ನು ಹೇಳಿಕೊಂಡಾಗ ಕೈ ಸ್ವಲ್ಪ ಹತೋಟಿಗೆ ಬಂದಿತು. ಆದರೆ 'ಅದುಮಬೇಡ' ಎಂದು ತಾವೇ ಹೇಳಿಕೊಂಡಾಗ, ಆ ಮಾತಿನ ಅರ್ಥಕ್ಕಿಂತ ಅದರ ಒತ್ತು ಕೈಗೆ ತಲಪಿ, ಇನ್ನೂ ಬಲವಾಗಿ ಅದುಮಿಬಿಟ್ಟರಂತೆ! ಮಾತಿನ ಅರ್ಥವೇ ಕೈಯನ್ನು ಆಳುವುದು ಸುಮಾರು ಐದರ ಹೊತ್ತಿಗೆ. ಲೂರಿಯಾ ಹೇಳಿದ ವಿವರಗಳೆಲ್ಲ ಆಮೇಲಿನವರ ಪರೀಕ್ಷೆಯಲ್ಲಿ ಹಾಗೆಯೇ ನಿಂತಿಲ್ಲವಾದರೂ, 'ಮಾಡು' ಎಂಬುದು ಮಗುವಿಗೆ ಸುಲಭ, 'ಮಾಡಬೇಡ' ಎಂಬುದು ಕಷ್ಟ ಎಂಬ ಮಾತನ್ನು ಯಾವ ತಾಯಿಯೂ ಅಲ್ಲಗಳೆಯಳು. ವ್ಯಾಕರಣ ಓದಿದವರಿಗೆ ಇಲ್ಲಿ ಒಂದು ವಿನೋದ ಹೊಳೆಯುತ್ತದೆ. ಸಂಸ್ಕೃತದಲ್ಲಿ 'ಮಾ' ಎಂಬ ನಿಷೇಧ ಸಾಮಾನ್ಯವಾಗಿ ಮೊದಲು ಬಂದು, ಆಮೇಲೆ ಕ್ರಿಯಾಪದ ಬರುತ್ತದೆ. ಕನ್ನಡದಲ್ಲಿ 'ಓಡ' ಎಂಬುದು ಮೊದಲು, 'ಬೇಡ' ಎಂಬುದು ಕಡೆಗೆ. 'ಬೇಡ' ಎನ್ನುವಷ್ಟರಲ್ಲಿ ಹುಡುಗ ಬೀದಿಯ ತುದಿಯಲ್ಲಿರುತ್ತಾನೆ! ಇದು ವಿನೋದಕ್ಕೆ ಹೇಳಿದ ಮಾತು. ಶಾಸ್ತ್ರವೆಂದು ಯಾರೂ ಹಿಡಿಯಬಾರದು. ಆದರೆ 'ಓಡಬೇಡ' ಎನ್ನುವುದಕ್ಕೆ ಬದಲು 'ಮೆಲ್ಲಗೆ ನಡೆ' ಎಂದೂ, 'ಚೆಲ್ಲಬೇಡ' ಎನ್ನುವುದಕ್ಕೆ ಬದಲು 'ಎರಡು ಕೈಯಲ್ಲಿ ಹಿಡಿ' ಎಂದೂ ಹೇಳಿ ನೋಡಿದರೆ ನಷ್ಟವೇನೂ ಇಲ್ಲ.

ಮನೆಯಲ್ಲಿ ಅಜ್ಜಿ ಮಾಡಿದ್ದು ಇನ್ನೂ ಚೆನ್ನ. ಬೆಳಗ್ಗೆ ತುಲಸಿಗೆ ನೀರು ಹಾಕುವ ಕೆಲಸವನ್ನು ಹುಡುಗನಿಗೇ ಒಪ್ಪಿಸಿದರು. ಮುಕ್ಕಾಲು ಚೆಂಬು ನೀರು. ಬಚ್ಚಲಿನಿಂದ ಬಾಗಿಲವರೆಗೆ ಹದಿನೈದು ಹೆಜ್ಜೆ. ಚೆಲ್ಲಿದರೆ ಒರೆಸುವವನೂ ಅವನೇ. ಅವರೆಕಾಯಿಯ ಕಾಲ ಬಂದಾಗ ಕಾಯಿ ಸುಲಿಸಿದರು. ನೆನೆಹಾಕಿದ ಕಾಳನ್ನು ಹಿತಕಲು ಕಲಿಸಿದರು. ಎರಡು ಬೆರಳ ನಡುವೆ ಕಾಳನ್ನಿಟ್ಟು, ಸಿಪ್ಪೆ ಮಾತ್ರ ಜಾರುವಷ್ಟು ಒತ್ತುವುದು ಎಂಥ ಕೆಲಸವೆಂಬುದು ಹಿತಕಿದಬೇಳೆ ಮಾಡಿದವರಿಗೆ ಗೊತ್ತು. ಹೆಚ್ಚು ಒತ್ತಿದರೆ ಬೇಳೆ ಹಾರಿ ಸೂರು ಸೇರುತ್ತದೆ. ಮೊದಲ ದಿನ ಅರ್ಧ ಬೇಳೆ ಹಜಾರದ ತುಂಬ ಇತ್ತು; ಹುಡುಗ ಅದನ್ನೇ ಆಟವೆಂದು ಎಣಿಸಿದನು. ಹದಿನೈದು ದಿನದಲ್ಲಿ ಅರ್ಧಗಂಟೆ ಕುಳಿತು ಹಿತಕಿದನು. 'ಒಂದು ಗಳಿಗೆಯೂ ಕೂರದ' ಹುಡುಗ ಅರ್ಧಗಂಟೆ ಕುಳಿತನೆಂಬುದನ್ನು ಅವನ ತಂದೆಗೆ ತೋರಿಸಲೆಂದು ತಾಯಿ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟಳು. ಆ ಯಂತ್ರ ಆ ಮನೆಯಲ್ಲಿ ಮಾಡಿದ ಒಳ್ಳೆಯ ಕೆಲಸ ಅದೊಂದು. ಎರಡು ವರ್ಷದಿಂದ ನಾಲ್ಕರವರೆಗಿನ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಕೂಡದು, ಅದಕ್ಕೂ ಕಡಿಮೆಯಾದರೆ ಒಳ್ಳೆಯದು, ಮೂರು ನಾಲ್ಕು ವರ್ಷದವರು ದಿನಕ್ಕೆ ಒಟ್ಟು ಮೂರು ಗಂಟೆಯಾದರೂ ಓಡಾಡಬೇಕು, ಹತ್ತರಿಂದ ಹದಿಮೂರು ಗಂಟೆ ನಿದ್ರೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ.

ಈ ಚೆಂಬಿನ ನೀರಿನ ಉಪಾಯವನ್ನು ಅಜ್ಜಿ ಯಾರಿಂದಲೂ ಕಲಿತವರಲ್ಲ. ಆದರೆ ಇದೇ ಬಗೆಯ ಅಭ್ಯಾಸವನ್ನು ಇಟಲಿಯ ಮರಿಯಾ ಮಾಂಟೆಸೊರಿಯವರು ತಮ್ಮ ಶಿಶುಶಾಲೆಗಳಲ್ಲಿ ಇಟ್ಟಿದ್ದರು. 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಮೊದಲ ಶಾಲೆ ತೆರೆದ ಈ ವೈದ್ಯೆ, 1939ರಲ್ಲಿ ಮದರಾಸಿನ ಅಡೆಯಾರಿಗೆ ಬಂದು, ಯುದ್ಧದ ದೆಸೆಯಿಂದ 1946ರವರೆಗೂ ನಮ್ಮ ದೇಶದಲ್ಲಿಯೇ ಉಳಿದು, ಅನೇಕ ಮಂದಿ ಉಪಾಧ್ಯಾಯರನ್ನು ತರಬೇತು ಮಾಡಿದರು. ಅವರ ಮಕ್ಕಳು ನೆಲದ ಮೇಲೆ ಬರೆದ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತಿದ್ದರು. ಅದು ಬಂದ ಮೇಲೆ ತುಂಬಿದ ಲೋಟವನ್ನು ಹಿಡಿದು, ಇಲ್ಲವೆ ಗಂಟೆಯನ್ನು ಸದ್ದಾಗದಂತೆ ಹಿಡಿದು ನಡೆಯುತ್ತಿದ್ದರು. ಒಂದು ದಿನ ಅವರು ನಾಲ್ಕು ತಿಂಗಳ ಹಸುಗೂಸೊಂದನ್ನು ಎತ್ತಿಕೊಂಡು ತರಗತಿಗೆ ಬಂದು, ಇದು ಎಷ್ಟು ಸದ್ದಿಲ್ಲದೆ ಇದೆ, ಇದರ ಉಸಿರು ಎಷ್ಟು ಮೆಲ್ಲಗಿದೆ ನೋಡಿರಿ ಎಂದಾಗ, ಮಕ್ಕಳೆಲ್ಲ ಅದರಂತೆಯೇ ಆಗಲು ಹೋಗಿ ಉಸಿರನ್ನು ಕೂಡ ಹಿಡಿದು ಕುಳಿತರಂತೆ. ಅಂದಿನಿಂದ ಮೌನದ ಆಟವೆಂಬುದು ಅವರ ಶಾಲೆಗಳಲ್ಲಿ ರೂಢಿಗೆ ಬಂದಿತು. ಅಲುಗದಿರುವುದನ್ನೇ ಅವರು ಚಲನೆಯ ಅತ್ಯಂತ ಕಠಿಣವಾದ ಪಾಠವೆಂದು ಎಣಿಸಿದರು. 'ಸೈಲೆನ್ಸ್' ಎಂದು ಕೋಲಿನಿಂದ ಮೇಜು ಕುಟ್ಟುವುದಕ್ಕೂ ಇದಕ್ಕೂ ಎಷ್ಟು ದೂರ!

ತಾಳ್ಮೆಯ ಮಾತು ಬಂದಾಗ, ವಾಲ್ಟರ್ ಮಿಶೆಲ್ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುಶಾಲೆಯಲ್ಲಿ 1960ರ ದಶಕದ ಕಡೆಯಲ್ಲಿ ಆರಂಭಿಸಿದ ಮಿಠಾಯಿಯ ಪರೀಕ್ಷೆಯನ್ನು ಹೇಳದೆ ಬಿಡಲಾಗುವುದಿಲ್ಲ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಮಗುವಿನ ಮುಂದೆ ಒಂದು ನಂಜನಗೂಡು ರಸಬಾಳೆಯನ್ನಿಟ್ಟು, "ಈಗಲೇ ತಿಂದರೆ ಒಂದು, ನಾನು ಬರುವವರೆಗೆ ಕಾದರೆ ಎರಡು" ಎಂದು ಹೇಳಿ ಹೊರಗೆ ಹೋದಂತೆ. (ಸೊರಗು ರೋಗದ ದೆಸೆಯಿಂದ ರಸಬಾಳೆಯೇ ಅಪರೂಪವಾಗಿರುವಾಗ, ದೊಡ್ಡವರೂ ಕಾಯಲಾರರು.) ಕಾದ ಮಕ್ಕಳು ಮುಂದೆ ಓದಿನಲ್ಲಿ ಮುಂದಾದರೆಂದು ಲೋಕವೆಲ್ಲ ಹರಡಿತು. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ವಿಷಯದಲ್ಲಿ ಮತ್ತೆ ಲೆಕ್ಕ ಹಾಕಿದವರಿಗೆ ಈ ಸಂಬಂಧ ಮೊದಲು ಹೇಳಿದುದರ ಅರ್ಧದಷ್ಟೇ ಕಂಡಿತು. ಮನೆಯ ಸ್ಥಿತಿಗತಿಗಳನ್ನು ಕಳೆದರೆ ಅದೂ ಬಹುಪಾಲು ಕರಗಿತು.

ಆ ಪರೀಕ್ಷೆಯಲ್ಲಿ ನಮಗೆ ರುಚಿಸಿದ್ದು ಬೇರೊಂದು ವಿಷಯ. ಕಾದ ಮಕ್ಕಳು ಶಿಲೆಯಂತೆ ಕುಳಿತವರಲ್ಲ. ಅವರು ಕಣ್ಣು ಮುಚ್ಚಿಕೊಂಡರು, ಬೆನ್ನು ತಿರುಗಿಸಿದರು, ತಮ್ಮಷ್ಟಕ್ಕೆ ಹಾಡಿಕೊಂಡರು, ಕೈಕಾಲುಗಳಿಂದ ಆಟವಾಡಿದರು. ದೇಹವನ್ನು ಬಳಸಿಯೇ ಆಸೆಯನ್ನು ದಾಟಿದರು. ಇನ್ನೊಂದು ವಿಷಯ: ಅಮೆರಿಕದ ರಾಚೆಸ್ಟರಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದರಲ್ಲಿ, ಪರೀಕ್ಷೆಗೆ ಮುಂಚೆ ಕೆಲವು ಮಕ್ಕಳಿಗೆ ಒಳ್ಳೆಯ ಬಣ್ಣಗಳನ್ನು ತಂದುಕೊಡುವೆವೆಂದು ಹೇಳಿ ತಂದುಕೊಡಲಿಲ್ಲ, ಕೆಲವರಿಗೆ ಹೇಳಿದಂತೆ ತಂದುಕೊಟ್ಟರು. ಮಾತು ನಡೆಸಿದವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ ಮೂರೇ ನಿಮಿಷ. "ಅಂಗಡಿಗೆ ಹೋದಾಗ ಕೊಡಿಸುತ್ತೇನೆ, ಈಗ ಸುಮ್ಮನಿರು" ಎಂದು ಹೇಳಿ ಕೊಡಿಸದ ಗೃಹಸ್ಥರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಆ ಮಗುವಿಗೆ ತಾಳ್ಮೆಯಿಲ್ಲವೆನ್ನುವುದಕ್ಕಿಂತ, ಅದಕ್ಕೆ ಲೆಕ್ಕ ಬರುತ್ತದೆಯೆನ್ನುವುದು ನ್ಯಾಯ.

ಹಾಗೆಂದು ಸಂಯಮ ಮುಖ್ಯವಲ್ಲವೆಂದು ನಾವು ಹೇಳುತ್ತಿಲ್ಲ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ಮೂವತ್ತೆರಡು ವರ್ಷದವರೆಗೆ ನೋಡಿಕೊಂಡು ಬಂದವರು 2011ರಲ್ಲಿ ತಿಳಿಸಿದಂತೆ, ಬಾಲ್ಯದಲ್ಲಿ ಹಿಡಿತವಿದ್ದವರು ದೊಡ್ಡವರಾದಾಗ ಆರೋಗ್ಯದಲ್ಲಿಯೂ ಹಣಕಾಸಿನಲ್ಲಿಯೂ ಒಟ್ಟಿನಲ್ಲಿ ಮೇಲಾಗಿದ್ದರು. ಒಂದು ಮಧ್ಯಾಹ್ನದ ಮಿಠಾಯಿಯಿಂದಲ್ಲ, ಹತ್ತು ವರ್ಷಗಳ ನಡತೆಯನ್ನು ತಂದೆತಾಯಿಗಳಿಂದಲೂ ಉಪಾಧ್ಯಾಯರಿಂದಲೂ ಕೇಳಿ ಅವರು ಅಳೆದರು. ಸಂಯಮ ಬೇಕು, ಅದು ಬರುವ ದಾರಿ ಯಾವುದೆಂಬುದಷ್ಟೇ ನಮ್ಮ ಚರ್ಚೆ.

ಬಾಗಿಲ ಮೇಲಿನ ಬರಲು ಒಂದೆರಡು ಸಲ ಕೆಳಗೆ ಇಳಿದದ್ದುಂಟು. ಏಟು ತಿಂದ ದಿನ ಹುಡುಗ ನಿಜವಾಗಿಯೂ ಸುಮ್ಮನೆ ಕೂರುತ್ತಿದ್ದನು. ಆದರೆ ಆ ದಿನ ಅವನು ಚೆಂಬಿನ ನೀರನ್ನು ಚೆಲ್ಲುತ್ತಿದ್ದನು. ಕೆರೆ–ದಡದಲ್ಲಿ ಮತ್ತೆ ಕೆಮ್ಮಿಗೆ ಹಾರುತ್ತಿದ್ದನು. ಹೆದರಿ ನಿಂತ ಕಾಲಿಗೂ ತಾನಾಗಿ ನಿಂತ ಕಾಲಿಗೂ ಇರುವ ಭೇದವನ್ನು ಅವನ ತಂದೆಗೆ ನಾವು ಬಾಯಿಂದ ಹೇಳಿ ಒಪ್ಪಿಸಲಾರೆವಾಗಿದ್ದೆವು. ಕಾರ್ಯಕರ್ತೆ ಒಪ್ಪಿಸಿದರು. ಒಂದು ಭಾನುವಾರ ಲಕ್ಷ್ಮೀಕಾಂತಸ್ವಾಮಿಯ ಗುಡಿಯ ಮುಂದೆ ಮಕ್ಕಳನ್ನು ಸೇರಿಸಿ, ಈ ಹುಡುಗನನ್ನೇ ಕೂಗುವವನನ್ನಾಗಿ ಮಾಡಿ, ಅವನ ತಂದೆಯನ್ನು ಆಟಕ್ಕೆ ಕರೆದರು. ಸಂಕೋಚದಿಂದ ಬಂದವನು ಎರಡನೆಯ 'ದಡ'ಕ್ಕೇ ಹಾರಿ ಔಟಾದನು. ಹುಡುಗನ ನಗು ಬೀದಿಗೆಲ್ಲ ಕೇಳಿಸಿತು. ಬರಲನ್ನು ಯಾವಾಗ ಒಲೆಗೆ ಹಾಕಿದರೋ ತಿಳಿಯದು. ಈಚೆಗೆ ಬಾಗಿಲ ಮೇಲೆ ನಾವು ಅದನ್ನು ಕಾಣೆವು.

ಆರು ತಿಂಗಳ ಮೇಲೆ ವೈದ್ಯರು ಮತ್ತೆ ನೋಡಿದರು. ರಕ್ತ ಸುಧಾರಿಸಿದೆಯೆಂದೂ, ಇನ್ನೂ ಒಂದು ವರ್ಷ ಗಮನವಿಟ್ಟು ನೋಡುತ್ತಿರಬೇಕೆಂದೂ ಹೇಳಿದರು. ಮುಂದಿನ ವರ್ಷ ಏನು ಮಾಡಬೇಕೆಂದು ತಂದೆ ನಮ್ಮನ್ನು ಕೇಳಿದನು. ಮೂರರಿಂದ ಎಂಟು ವರ್ಷದವರೆಗಿನ ಐದು ವರ್ಷಗಳನ್ನೂ ಒಂದೇ ಅಡಿಪಾಯದ ಘಟ್ಟವೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೇ ಇಟ್ಟಿದ್ದಾರೆ, ಅವಸರವೇನೂ ಇಲ್ಲ ಎಂದೆವು. ಇನ್ನೊಂದು ವರ್ಷ ಅಂಗನವಾಡಿಯಲ್ಲಿಯೇ ಇರಲಿ ಎಂದು ಅವರು ನಿಶ್ಚಯಿಸಿದ್ದಾರೆ. ಹುಡುಗ ಈಗಲೂ ತಳ್ಳುತ್ತಾನೆ, ಮೊದಲಿನಷ್ಟಲ್ಲ. ಅಕ್ಷರ ಇನ್ನೂ ಕೈಗೆ ಬಂದಿಲ್ಲ. ಗುಂಡಿಗಳನ್ನು ತಾನೇ ಹಾಕಿಕೊಳ್ಳುತ್ತಾನೆ, ಮೇಲಿನದೊಂದನ್ನು ಬಿಟ್ಟು. ಮೊನ್ನೆ ನಮ್ಮ ಜಗಲಿಯ ಮೇಲೆ ಒಂಟಿಕಾಲಲ್ಲಿ ನಿಂತಾಗ ನಾವು ಎಣಿಸಿದ್ದು ಒಂಬತ್ತು. ಹತ್ತಾಯಿತೆಂದು ಅವನ ವಾದ. ಅವನ ಎಣಿಕೆಯಲ್ಲಿ ಆರಾದ ಮೇಲೆ ಎಂಟು ಬರುತ್ತದೆ.